ಅಜೋರ್ಸ್‌ನಲ್ಲಿ ಒಂದು ಗಂಟೆ ಕಡಿಮೆ

ಮಾರ್ಚ್ 12, ಮಂಗಳವಾರ

ಪ್ರೀತಿಯ ತಂಗಿ ಓಟೀಲಿಯ,

ಆರು ವರ್ಷದ ಮೇಲೆ ಅಣ್ಣನ ಕೈಬರಹ ಕಂಡು ಯಾರೋ ಸತ್ತಿರಬೇಕು ಅಂದುಕೊಳ್ಳಬೇಡ. ಎಲ್ಲರೂ ಗಟ್ಟಿಯಾಗಿದ್ದೇವೆ, ಹದಿನೆಂಟು ಹಸುಗಳೂ ಸೇರಿ. ಬರೆಯುವ ಮೇಜು ಚಿಕ್ಕದು, ಆಗಾಗ ಅಲುಗಾಡುತ್ತದೆ. ಅಕ್ಷರ ಸೊಟ್ಟಗಾದರೆ ನಗಬೇಡ.

ಅಪ್ಪನನ್ನು ಮಣ್ಣು ಮಾಡಿದ ದಿನ ಸ್ಮಶಾನದ ಗೇಟಿನಲ್ಲಿ ನಾನು ಆಡಿದ ಮಾತು ನೀನು ಮರೆತಿರಲಾರೆ. "ಲಿಸ್ಬನ್ನಿಂದ ಇಲ್ಲಿಗೆ ಒಂದು ಗಂಟೆ ಇಪ್ಪತ್ತು ನಿಮಿಷ. ಅಷ್ಟು ದೂರ ಬರೋಕೆ ನಿಂಗೆ ಅಪ್ಪ ಸಾಯ್ಬೇಕಾಯ್ತಾ?" ಎಂದೆ, ಇಡೀ ಊರಿನ ಎದುರಿಗೆ. ನಿನ್ನ ಟಿಕೆಟ್ಟಿನಲ್ಲೇ ಇತ್ತಲ್ಲ: ಲಿಸ್ಬನ್ ಬಿಡುವುದು ಒಂಬತ್ತೂವರೆಗೆ, ಅಜೋರ್ಸ್‌ನ ನಮ್ಮ ದ್ವೀಪ ತಲುಪುವುದು ಹತ್ತು ಐವತ್ತಕ್ಕೆ. ಇಲ್ಲಿಂದ ಅಲ್ಲಿಗಾದರೆ ಮೂರು ಗಂಟೆ ಹದಿನೈದು ನಿಮಿಷ. ಹಾಗಾಗಿ ಹತ್ತಿರದವಳು ನೀನು, ದೂರದವನು ನಾನು, ಬರಬೇಕಾದವಳು ನೀನೇ ಎಂದು ವರ್ಷಗಟ್ಟಲೆ ವಾದಿಸಿದ್ದೆ. ಅವತ್ತು ನೀನು ಕೋಟು ಕೂಡ ಬಿಚ್ಚದೆ ಸಂಜೆಯ ವಿಮಾನ ಹತ್ತಿದೆ.

ಕಳೆದ ಭಾನುವಾರ ಲಿಸ್ಬನ್ ಟೀವಿಯವಳು ಎಂದಿನಂತೆ, "ಈಗ ಎಂಟು ಗಂಟೆ, ಅಜೋರ್ಸ್‌ನಲ್ಲಿ ಒಂದು ಗಂಟೆ ಕಡಿಮೆ" ಅಂದಳು. ನಿನ್ನ ಅತ್ತಿಗೆ ಜುಲ್ಮೀರ ಸೂಪಿನ ಸೌಟು ಹಿಡಿದೇ ನನ್ನ ಮುಂದೆ ನಿಂತಳು. "ಕೇಳಿಸ್ತೇನ್ರೀ? ಹುಟ್ಟಿದಾಗಿಂದ ದಿನಾ ಹೇಳ್ತಿದಾರೆ. ಲಿಸ್ಬನ್ನಲ್ಲಿ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ, ಅಷ್ಟೇ. ಹೋಗೋಕೂ ಬರೋಕೂ ಹೆಚ್ಚುಕಮ್ಮಿ ಎರಡೂಕಾಲು ಗಂಟೆ. ಇನ್ನೆಷ್ಟು ವರ್ಷ ಕಿವುಡರ ಹಾಗೆ ಕೂತಿರ್ತೀರಿ?"

ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಓಟೀಲಿಯ. ನನಗೆ ಮೊದಲಿನಿಂದಲೂ ಗೊತ್ತಿತ್ತು. ಹಸು ಕರೆಯುವವರಿಲ್ಲ ಎನ್ನುತ್ತಿದ್ದುದೂ ನೆಪವೇ. ಹೋರಿಗೆ ಮೂಗುದಾರ ಹಾಕುವ ನನಗೆ ವಿಮಾನ ಹತ್ತುವುದೆಂದರೆ ಭಯ. ಅದನ್ನು ತಂಗಿಯ ಮುಂದೆ ಒಪ್ಪಿಕೊಳ್ಳುವ ಬದಲು ತಪ್ಪು ಲೆಕ್ಕ ಹಿಡಿದುಕೊಂಡು ಕೂತೆ.

ಇನ್ನೊಂದು ಮಾತು ಬಚ್ಚಿಟ್ಟಿದ್ದೇನೆ. ಕೊನೆಯ ಬೆಳಗ್ಗೆ ಅಪ್ಪ ನೀನೆಲ್ಲಿ ಎಂದು ಕೇಳಿದರು. ಬರುತ್ತಿದ್ದಾಳೆ ಎಂದೆ. "ಪಾಪ, ದೂರ ಅಲ್ವೇನೋ, ತಡ ಆಗುತ್ತೆ. ಬಂದ ತಕ್ಷಣ ಬೈಬೇಡ, ಮೊದಲು ಊಟಕ್ಕೆ ಹಾಕು" ಅಂದರು. ನಾನು ಬೈದೆ, ಊಟಕ್ಕೂ ಕರೆಯಲಿಲ್ಲ. ಆರು ವರ್ಷದಿಂದ ಊಟಕ್ಕೆ ಕೂತಾಗಲೆಲ್ಲ ಆ ಮಾತು ಕಿವಿಯಲ್ಲಿ ಕೇಳುತ್ತದೆ.

ನನ್ನನ್ನು ಕ್ಷಮಿಸು. ನಿನಗೆ ಆಗದಿದ್ದರೆ ಅದೂ ನ್ಯಾಯವೇ.

ನಿನ್ನ ಮೊಂಡ ಅಣ್ಣ,
ಎರ್ಮೀನಿಯೊ

ತಾ.ಕ.: ಲಕೋಟೆಗೆ ಸ್ಟಾಂಪ್ ಇಲ್ಲದ್ದನ್ನು ನೋಡಿರುತ್ತೀಯ. ಮೇಲಿನದನ್ನೆಲ್ಲ ಸಮುದ್ರದ ಮೇಲೆ ಹಾರುತ್ತ, ವಿಮಾನದ ಮುಂದಿನ ಸೀಟಿಗೆ ಅಂಟಿಸಿದ ಮೇಜಿನಲ್ಲಿ ಬರೆದೆ. ಇದನ್ನು ನಿನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕರೆಗಂಟೆ ಒತ್ತಲು ಧೈರ್ಯವಿಲ್ಲ, ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಎದುರಿನ ಕಾಫಿ ಅಂಗಡಿಯಲ್ಲಿ, ಜುಲ್ಮೀರ ಕಟ್ಟಿಕೊಟ್ಟ ಚೀಸನ್ನು ಕಾಲ ಬುಡದಲ್ಲಿಟ್ಟುಕೊಂಡು ಕೂತಿರುತ್ತೇನೆ. ಅವರು ಐದಕ್ಕೆ ಬಾಗಿಲು ಹಾಕುತ್ತಾರಂತೆ. ಅವಸರ ಬೇಡ. ನನ್ನ ಕೈಗಡಿಯಾರ ಇನ್ನೂ ನಮ್ಮ ಊರಿನದೇ, ಒಂದು ಗಂಟೆ ಹಿಂದೆ; ಅದರಲ್ಲಿ ಐದಾಗುವ ತನಕ ಬೀದಿಯಲ್ಲಾದರೂ ನಿಂತಿರುತ್ತೇನೆ. ನಾವು ಊಟ ಮಾಡೋಣ.