ತುಕ್ಕಿನವಳು ಗೋಡೆಯವಳಿಗೆ

ಭಾನುವಾರ, ಊಟವಾದ ಮೇಲೆ

ಪ್ರೀತಿಯ ಅತ್ತಿಗೆ,

ಹೌದು, ಅತ್ತಿಗೆ ಎಂದೇ ಬರೆದಿದ್ದೇನೆ. ಸಾಮಾನು ಸಾಗಿಸಿದ ದಿನ ವ್ಯಾನಿನ ಬಾಗಿಲು ಹಾಕುತ್ತ ನೀನು, "ಇನ್ಮೇಲೆ ಅತ್ತಿಗೆ ಗಿತ್ತಿಗೆ ಬೇಡ ಕಣೆ, ಹೆಸರು ಹಿಡಿದೇ ಕರಿ" ಅಂದಿದ್ದೆ. ನಾನು ದೊಡ್ಡವಳ ಹಾಗೆ ತಲೆಯಾಡಿಸಿದ್ದೆ. ಆಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ನಿನ್ನ ಹೆಸರನ್ನು ಒಂದೆರಡು ಸಲ ಹೇಳಿ ನೋಡಿದೆ. ಬ್ಯಾಂಕಿನ ಯಾವುದೋ ಮೇಡಮ್ಮನ್ನು ಕರೆದ ಹಾಗಾಯಿತು, ಬಾಯಿಗೆ ಕೂರಲೇ ಇಲ್ಲ. ದಿನವಿಡೀ ಜನರ ಹಲ್ಲಿನ ಸೆಟ್ಟು ಮಾಡುವ ನಿನಗೆ ಬಾಯಿಗೆ ಕೂರದ್ದರ ಕಷ್ಟವನ್ನು ನಾನು ವಿವರಿಸಬೇಕಿಲ್ಲ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಈಗ ತುಂಬಾ ಒಳ್ಳೆಯವಳಾಗಿಬಿಟ್ಟಿದ್ದೀಯ. ಅಮ್ಮ ಹೇಗಿದ್ದಾರೆ, ಕೆಲಸ ಹೇಗಿದೆ, ಆರೋಗ್ಯ ನೋಡಿಕೋ ಎಂದು ದೂರದ ನೆಂಟರ ಹಾಗೆ ವಿಚಾರಿಸಿ ಇಟ್ಟುಬಿಡುತ್ತೀಯ. ಮೆಸೇಜು ಕಳಿಸಿದರೆ ಹೆಬ್ಬೆರಳಿನ ಚಿತ್ರವೊಂದು ಬಂದು ಕೂರುತ್ತದೆ. ಹೆಬ್ಬೆರಳಿನ ಜೊತೆ ಎಷ್ಟು ಹೊತ್ತು ಮಾತಾಡಲಿ? ಅದಕ್ಕೇ ಕಾಗದ. ಇದಕ್ಕೆ ಹೆಬ್ಬೆರಳು ತೋರಿಸಲು ಆಗುವುದಿಲ್ಲ, ಬರೆದೇ ತೀರಬೇಕು.

ಅಣ್ಣನೂ ನೀನೂ ಕೋರ್ಟಿಗೆ ಹೋಗಿ ಸಹಿ ಹಾಕಿ ಬಂದಿರಿ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಇಬ್ಬರೂ ಒಳ್ಳೆಯವರೇ, ಜೊತೆಗೆ ಬಾಳಲು ಕೂಡಿಬರಲಿಲ್ಲ, ಅಷ್ಟೇ. ಆ ಕೊನೆಯ ವರ್ಷ ನೀವಿಬ್ಬರೂ ಒಬ್ಬರಿಗೊಬ್ಬರು ಅಡ್ಡಬರದಂತೆ ಮನೆಯೊಳಗೆ ನಡೆದಾಡುತ್ತಿದ್ದುದನ್ನು ನೋಡಿ ನನಗೇ ಉಸಿರು ಕಟ್ಟುತ್ತಿತ್ತು. ಈಗ ಅಣ್ಣ ಸಿಳ್ಳೆ ಹಾಕುತ್ತ ಬೂಟಿಗೆ ಪಾಲಿಶ್ ಮಾಡುತ್ತಾನೆ. ನಿನ್ನ ದನಿಯೂ ಹಗುರಾಗಿದೆ. ನನ್ನ ತಕರಾರು ಒಂದೇ. ನಿಮ್ಮಿಬ್ಬರ ಮದುವೆ ಮುಗಿದರೆ ನಮ್ಮಿಬ್ಬರ ಜಗಳ ಯಾಕೆ ಮುಗಿಯಬೇಕು? ಅದಕ್ಕೆ ನಾನೆಲ್ಲಿ ಸಹಿ ಹಾಕಿದ್ದೇನೆ?

ಆ ಜಗಳ ಶುರುವಾದದ್ದು ನೀನು ಮನೆಗೆ ಬಂದ ಮೊದಲ ವಾರ. ಆಗ ಇನ್ನೂ ನಾವಿಬ್ಬರೂ 'ನೀವು', 'ಬನ್ನಿ', 'ಕೂತ್ಕೊಳ್ಳಿ' ಎನ್ನುತ್ತಿದ್ದ ಕಾಲ. ನೀನು ತಂತಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಅದರಲ್ಲೊಂದು ಕಪ್ಪು ಟೀ ಶರ್ಟು, ಎದೆಯ ಮೇಲೆ 'ಏಳನೇ ಗೋಡೆ' ಎಂದು ಬರೆದದ್ದು. ನನಗೆ ತಡೆಯಲಾಗಲಿಲ್ಲ. ಅಯ್ಯೋ, ನೀವು ಈ ಲೆಕ್ಕದ ಮೇಷ್ಟ್ರುಗಳ ಬ್ಯಾಂಡು ಕೇಳ್ತೀರಾ, ಎಂದುಬಿಟ್ಟೆ. ನೀನು ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡೇ, ನೀವು ಯಾವುದು ಕೇಳೋದು ಎಂದೆ. 'ತುಕ್ಕು' ಎಂದೆ ನಾನು. ನೀನು ಕ್ಲಿಪ್ಪು ತೆಗೆದು, ನನ್ನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಅಯ್ಯೋ ಪಾಪ" ಎಂದೆ. ಆ 'ಪಾಪ'ಕ್ಕೆ ನನ್ನ ಮೈಯೆಲ್ಲ ಉರಿದುಹೋಯಿತು. ಬಟ್ಟೆ ಒಣಗುವಷ್ಟರಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು.

ಹೊರಗಿನವರಿಗೆ ಎರಡೂ ಮೆಟಲ್ ಸಂಗೀತವೇ, ಎರಡೂ ಗದ್ದಲವೇ. ಅಮ್ಮನ ತೀರ್ಪು ನೆನಪಿದೆಯಲ್ಲ? ಎರಡೂ ಒಂದೇ ಥರ ಇದೆ, ಒಂದು ಬೇಗ ಮುಗಿಯುತ್ತೆ, ಅದೊಂದು ಪುಣ್ಯ ಎಂದಿದ್ದಳು. ನಮಗೆ ಮಾತ್ರ ಅದು ಆಕಾಶ ಭೂಮಿಯ ವ್ಯತ್ಯಾಸ. ನನ್ನ ತುಕ್ಕು ನೇರವಾಗಿ ಬಂದು ಎದೆಗೆ ಗುದ್ದುತ್ತದೆ. ನಾಲ್ಕು ನಿಮಿಷ, ಒಂದು ದುಃಖ, ಗಂಟಲು ಹರಿಯುವಂತೆ ಒಂದು ಕೂಗು, ಮುಗಿಯಿತು. ನಿನ್ನ ಏಳನೇ ಗೋಡೆಯವರದು ಪ್ರೋಗ್ರೆಸಿವ್. ಹಾಡು ಶುರುವಾದರೆ ನೀರು ಕಾಯಿಸಿ, ಸ್ನಾನ ಮಾಡಿ, ತಲೆ ಒಣಗಿಸಿಕೊಂಡು ಬಂದರೂ ಇನ್ನೂ ಹಾಡುಗಾರ ಬಾಯಿ ತೆರೆದಿರುವುದಿಲ್ಲ. ಡ್ರಮ್ಮಿನವನು ಏಳೇಟು ಹೊಡೆಯುತ್ತಾನೆ, ಗಿಟಾರಿನವನು ಐದಕ್ಕೇ ತಿರುಗುತ್ತಾನೆ. ಯಾವಾಗಲೋ ಒಮ್ಮೆ ಇಬ್ಬರೂ ಒಂದೇ ಜಾಗದಲ್ಲಿ ಬಂದು ಬಿದ್ದಾಗ ನೀನು ಕಣ್ಣು ಮುಚ್ಚಿಕೊಂಡು, "ನೋಡಿದ್ಯಾ?" ಎನ್ನುತ್ತಿದ್ದೆ. ಏನನ್ನು ನೋಡುವುದೋ!

ಭಾನುವಾರ ಪಾತ್ರೆ ತೊಳೆಯುವ ಹೊತ್ತು ನಮ್ಮ ಕದನದ ಹೊತ್ತು. ನೀನು ತೊಳೆಯುವುದು, ನಾನು ಒರೆಸುವುದು. ಕಾನೂನು ನಿನ್ನದೇ. ಬೈಯುವ ಮೊದಲು ಎದುರಾಳಿಯ ಬ್ಯಾಂಡಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು, ಅದೂ ಹಿಂದೆ ಹೇಳಿದ್ದಾಗಿರಬಾರದು. ಮೊದಮೊದಲು ಸುಲಭವಾಗಿತ್ತು. ಅವರ ಅಂಗಿ ಚೆನ್ನಾಗಿದೆ, ಆಲ್ಬಮ್ಮಿನ ಮೇಲಿನ ಚಿತ್ರ ಚೆನ್ನಾಗಿದೆ ಎಂದೆಲ್ಲ ಹೇಳಿ ನುಣುಚಿಕೊಂಡೆ. ಅದೆಲ್ಲ ಖರ್ಚಾದ ಮೇಲೆ, ಮುಂದಿನ ವಾರ ಹೇಳಲು ಏನಾದರೂ ಬೇಕಲ್ಲ ಎಂದು ನಾನು ಬಸ್ಸಿನಲ್ಲಿ ಕದ್ದು ನಿನ್ನ ಬ್ಯಾಂಡನ್ನು ಕೇಳತೊಡಗಿದೆ. ನೀನು ಚಮಚದಿಂದ ತಟ್ಟೆಯ ಮೇಲೆ ಏಳನ್ನು ಮೂರೂ ನಾಲ್ಕೂ ಮಾಡಿ ಎಣಿಸುವುದನ್ನು ಕಲಿಸಿದೆ. ನೀನೂ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಉಜ್ಜುವ ಯಂತ್ರದ ಮುಂದೆ ತುಕ್ಕು ಕೇಳುತ್ತಿದ್ದೀಯೆಂಬ ಗುಮಾನಿ ನನಗಿತ್ತು. ಒಮ್ಮೆ ನೀನು ಅವರ ಎರಡನೇ ಆಲ್ಬಮ್ಮಿನಲ್ಲಿ ಹಾಡುಗಾರ್ತಿಯ ಉಸಿರಾಟದ ಬಗ್ಗೆ ಹೇಳಿದ ಮಾತು ನನಗೇ ಹೊಳೆದಿರಲಿಲ್ಲ. ಆ ಸಿಟ್ಟಿಗೆ ಒಂದು ತಟ್ಟೆಯನ್ನು ಎರಡು ಸಲ ಒರೆಸಿದೆ.

ಈಗ ಸುದ್ದಿಗೆ ಬರುತ್ತೇನೆ. ನಗಬೇಡ. ಸರಿ, ನಗು.

ತುಕ್ಕಿನ ಹೊಸ ಆಲ್ಬಮ್ ಬಂತಲ್ಲ, ಅದನ್ನು ಮೊದಲ ಸಲ ಕೇಳಿದ ದಿನ ಅಡುಗೆಮನೆಯಲ್ಲಿ ನಾನೇ ತೊಳೆದು ನಾನೇ ಒರೆಸಿದೆ. ಕೊನೆಯ ಹಾಡು ಕೇಳಿ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಹನ್ನೊಂದು ನಿಮಿಷ! ಅದೂ ಏಳರ ತಾಳ! ನನ್ನ ತುಕ್ಕು, ಏಳರಲ್ಲಿ! ತಿರುಗಿ ಏನೋ ಹೇಳಲು ಹೋದೆ, ಹಿಂದೆ ಅಮ್ಮ ಮಾತ್ರ ಇದ್ದಳು. ಅವಳು, "ಇದು ಅವಳದ್ದಲ್ವೇನೆ?" ಎಂದಳು. ಅಮ್ಮನಿಗೆ ಕೂಡ ಗೊತ್ತಾಗಿತ್ತು, ಅತ್ತಿಗೆ. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ಅವಳು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಸಂಜೆ ಹೊತ್ತು, ಆ ಉದ್ದದ್ದೊಂದು ಹಾಕು, ಕೆಲಸ ಸಾಗುತ್ತೆ, ಎನ್ನುತ್ತಾಳೆ.

ಜಗಳಕ್ಕೆ ಜನ ಬೇಕೆಂದು ಇಂಟರ್ನೆಟ್ಟಿನಲ್ಲಿ ತುಕ್ಕು ಅಭಿಮಾನಿಗಳ ಬಳಗಕ್ಕೆ ಸೇರಿದೆ. ಅಲ್ಲಿ ಎಲ್ಲರೂ ಆ ಹಾಡಿಗೆ ಹಿಡಿಶಾಪ ಹಾಕುತ್ತಿದ್ದರು. ಮೋಸ, ದ್ರೋಹ, ಗೋಡೆಯವರ ಎಂಜಲು ಎಂದೆಲ್ಲ. ನಾನು ಅಭ್ಯಾಸಬಲದಿಂದ ಏಳನೇ ಗೋಡೆಯ ಬಗ್ಗೆ ಒಂದು ಒಳ್ಳೆಯ ಮಾತಿನಿಂದಲೇ ಶುರುಮಾಡಿದೆ. ಏಳರ ತಾಳದಲ್ಲಿ ಕೊನೆಯ ಪೆಟ್ಟಿಗೆ ಕಾಯುವ ಕಿವಿಗೆ ಅದು ಸಿಗದೇ ಹೋದಾಗ ಆಗುವ ತಳಮಳವಿದೆಯಲ್ಲ, ಆ ತಳಮಳವೇ ಈ ಹಾಡಿನ ದುಃಖ, ಅದನ್ನು ನಮ್ಮವರು ಅವರಿಂದ ಕಲಿತರೆ ತಪ್ಪೇನು ಎಂದು ಬರೆದೆ. ಬರೆಯುತ್ತ ಬರೆಯುತ್ತ ಕಾವೇರಿತು. ನೀನು ಚಮಚ ಹಿಡಿದು ಹೇಳುತ್ತಿದ್ದುದೆಲ್ಲ ಒಂದೊಂದಾಗಿ ಬೆರಳಿಗೆ ಬಂತು. ಬಳಗದ ಯಜಮಾನ, 'ಕಬ್ಬಿಣದ ಕರುಳು' ಎಂದು ಹೆಸರಿಟ್ಟುಕೊಂಡಿರುವ ಪುಣ್ಯಾತ್ಮ, ನಾನು ಗೋಡೆಯವರ ಗೂಢಚಾರಿಣಿ ಎಂದು ಘೋಷಿಸಿ ಹೊರಗೆ ಹಾಕಿದ. ಮೈಮೇಲೆ ತುಕ್ಕಿನ ಶರ್ಟು ಹಾಕಿಕೊಂಡು ಕೂತಿದ್ದವಳನ್ನು!

ಸಿಟ್ಟು ನೆತ್ತಿಗೇರಿ ನೇರ ನಿಮ್ಮವರ ಬಳಗಕ್ಕೆ ಹೋದೆ. ನಿಮ್ಮವರೇನು ಕಡಿಮೆಯೇ? ತುಕ್ಕಿನ ಹಾಡುಗಾರ್ತಿಯನ್ನು ಅಳುಮುಂಜಿ ಎಂದು ಆಡಿಕೊಳ್ಳುತ್ತಿದ್ದರು. ಮತ್ತೆ ನನಗೆ ತಡೆಯಲಾಗಲಿಲ್ಲ. ತುಕ್ಕಿನ ಹಾಡು ಮುಗಿದ ಮೇಲೆ ಕೇಳುವವರೊಳಗೆ ಶುರುವಾಗುತ್ತೆ, ನಿಮ್ಮದು ಶುರುವಾದ ಮೇಲೆ ಮುಗಿಯೋದೇ ಇಲ್ಲ, ಎಂದು ಬಾರಿಸಿದೆ. ನಿನಗೆ ಆ ಮಾತು ಗೊತ್ತು. ಸೋಪಿನ ನೊರೆ ಮೊಣಕೈವರೆಗೂ ಇದ್ದ ನಿನಗೆ ನಾನು ಅಡುಗೆಮನೆಯಲ್ಲಿ ಹೇಳಿದ್ದು, ಬೇರೆ ಯಾರಿಗೂ ಹೇಳಿದ್ದಲ್ಲ. ತಕ್ಷಣ ಅಲ್ಲಿಯ ಯಜಮಾನಿ ಉತ್ತರ ಹಾಕಿದಳು. ಇದೇ ಮಾತನ್ನ ಹೋದ ತಿಂಗಳು ಇನ್ನೊಬ್ಬಳು ಹೇಳಿದ್ಲು, ಅಕ್ಷರ ಅಕ್ಷರ ಇದೇ, ಅವಳನ್ನೂ ಓಡಿಸಿದ್ವಿ, ನೀವೆಲ್ಲ ಒಂದೇ ಗ್ಯಾಂಗಾ, ಎಂದು.

ನಾನಾಗ ಕೆಲಸದಲ್ಲಿದ್ದೆ. ಕಿವಿ ಪರೀಕ್ಷೆ ಮಾಡುವ ಆ ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ, ರೋಗಿ ಕೂರುವ ಕುರ್ಚಿಯಲ್ಲೇ ಕೂತು, ಅವರು ನನ್ನನ್ನು ಓಡಿಸುವ ಮೊದಲು ಹಳೆಯ ಮಾತುಗಳನ್ನೆಲ್ಲ ಗಡಿಬಿಡಿಯಲ್ಲಿ ಮೇಲಕ್ಕೆ ಸರಿಸುತ್ತ ಹೋದೆ. ಸಿಕ್ಕಿತು. ಹೆಸರು 'ದಂತಕತೆ'. ಚಿತ್ರದಲ್ಲಿ ಪ್ಲಾಸ್ಟರಿನ ದವಡೆ. ಇಷ್ಟು ಕೆಟ್ಟ ತಮಾಷೆ ಮಾಡುವವಳು ಈ ಭೂಮಿಯ ಮೇಲೆ ಒಬ್ಬಳೇ ಇರುವುದು.

ನೀನು ನಿನ್ನದೇ ಜನರೆದುರು ತುಕ್ಕಿನ ಪರವಾಗಿ ಮೂರು ದಿನ ಜಗಳವಾಡಿದ್ದೆ. ಮೊದಲು ಅವರ ಬ್ಯಾಂಡಿಗೆ ಒಂದು ಒಳ್ಳೆಯ ಮಾತು, ಆಮೇಲೆ ಪೆಟ್ಟು. ಒಂದು ಕಡೆ, "ನಮ್ಮ ಮನೇಲಿ ಒಬ್ಬಳಿದಾಳೆ, ಅವಳನ್ನ ಕೇಳಿ ನೋಡಿ" ಎಂದು ಬರೆದಿದ್ದೆ. 'ನಮ್ಮ ಮನೇಲಿ'. ಅತ್ತಿಗೆ, ನೀನು ಹೋಗಿ ಆರು ತಿಂಗಳಾದ ಮೇಲೆ ಬರೆದದ್ದು ಅದು.

ನನಗೆ ಮೊದಲು ನಗು ಬಂತು, ಆಮೇಲೆ ಅಳು ಬಂತು, ಆಮೇಲೆ ಎರಡೂ ಒಟ್ಟಿಗೆ. ಆ ಕೋಣೆಯಲ್ಲಿ ಅತ್ತರೆ ಹೊರಗೆ ಕೇಳಿಸುವುದಿಲ್ಲ, ಅದೊಂದು ಅನುಕೂಲ. ಆದರೆ ಗಾಜಿನ ಕಿಟಕಿಯಿದೆ. ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ಬಾಗಿಲು ತಟ್ಟಿ ತಲೆ ಹಾಕಿ, "ಪರೀಕ್ಷೆ ನನಗೋ ನಿಮಗೋ ತಾಯಿ?" ಎಂದರು. ಅವರ ಕಿವಿಗೆ ಅಚ್ಚು ತೆಗೆಯಲು ಆ ಗುಲಾಬಿ ಹಿಟ್ಟು ತುಂಬಿಸುವಾಗಲೂ ನಾನು ಹಲ್ಲು ಕಿರಿಯುತ್ತಲೇ ಇದ್ದೆ. ಇಷ್ಟು ಖುಷಿಯಾಗಿ ಕೆಲಸ ಮಾಡುವವರನ್ನ ನೋಡೇ ಇಲ್ಲ ಎಂದು ನಮ್ಮ ಡಾಕ್ಟರ ಹತ್ತಿರ ಹೇಳಿ ಹೋದರಂತೆ.

ಈಗ ಎರಡೂ ಬಳಗದಿಂದ ಹೊರಬಿದ್ದವಳು ನಾನು. ನಿನ್ನ ಬಳಗದಿಂದ ಹೊರಬಿದ್ದವಳು ನೀನು. ನಮಗೆ ಇನ್ನು ಗತಿ ಯಾರು?

ಮುಂದಿನ ತಿಂಗಳ ಎರಡನೇ ಶನಿವಾರ ತುಕ್ಕೂ ಏಳನೇ ಗೋಡೆಯೂ ಒಂದೇ ವೇದಿಕೆಯ ಮೇಲೆ ಬರುತ್ತಿರುವುದು ನಿನಗೆ ಗೊತ್ತೇ ಇರುತ್ತದೆ. ಕೊನೆಗೆ ಯಾರು ಬಾರಿಸಬೇಕು ಎಂಬುದನ್ನು ಅಲ್ಲೇ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರಂತೆ. ಒಂದೇ ಒಂದು ಟಿಕೆಟ್ಟು ಕೊಳ್ಳೋಣವೆಂದು ಸಾಲಿನಲ್ಲಿ ನಿಂತವಳು, ಕಿಟಕಿಯ ಹತ್ತಿರ ಬಂದಾಗ ಎರಡು ಎಂದುಬಿಟ್ಟೆ. ಎಲ್ಲಿ ನಿಲ್ಲಬೇಕೆಂದೂ ನೋಡಿ ಬಂದಿದ್ದೇನೆ. ಎಡಗಡೆಯ ಕಂಬದ ಪಕ್ಕ ಒರಗಿಕೊಳ್ಳಬಹುದು, ತಳ್ಳಾಟ ಕಡಿಮೆ, ಡ್ರಮ್ಮಿನವರ ಕೈ ಕಾಣುತ್ತದೆ. ಅದಕ್ಕೆ ಮೊದಲು ಒಂದು ಮಧ್ಯಾಹ್ನ ನನ್ನ ಕ್ಲಿನಿಕ್ಕಿಗೆ ಬಾ. ಗದ್ದಲ ತಡೆಯಲೆಂದು ನಿನಗೆ ಮಾಡಿಕೊಟ್ಟಿದ್ದ ಕಿವಿಯ ಬಿರಡೆ ಹಳೆಯದಾಯಿತು. ಹೊಸ ಅಳತೆ ತೆಗೆದುಕೊಳ್ಳಬೇಕು. ಇದು ನೆಪವಲ್ಲ. ಸರಿ, ನೆಪವೂ ಹೌದು.

ಒಂದು ಮಾತು ಮಾತ್ರ ತಮಾಷೆಯಿಲ್ಲದೆ ಹೇಳುತ್ತೇನೆ. ಈ ಮನೆಯ ಯಾವ ನೆನಪೂ ಬೇಡವೆಂದು ನೀನು ಹೊಸದಾಗಿ ಬದುಕು ಕಟ್ಟಿಕೊಳ್ಳುತ್ತಿದ್ದರೆ, ಅದರಲ್ಲಿ ನಾನೂ ಬೇಡದ ಸಾಮಾನಿನ ಲೆಕ್ಕದಲ್ಲಿದ್ದರೆ, ನೇರವಾಗಿ ಬರೆ. ನನಗೆ ಬೇಜಾರಾಗುತ್ತದೆ, ಆದರೆ ಅರ್ಥವಾಗುತ್ತದೆ. ಹೆಸರು ಹಿಡಿದು ಕರೆಯುವುದನ್ನೂ ರೂಢಿ ಮಾಡಿಕೊಳ್ಳುತ್ತೇನೆ. ಆದರೆ ಹಾಗಲ್ಲದೆ, ಗಂಡನನ್ನು ಬಿಟ್ಟ ಮೇಲೆ ನಾದಿನಿಯನ್ನು ಉಳಿಸಿಕೊಳ್ಳಲು ನನಗೇನು ಹಕ್ಕು ಎಂಬ ಸಂಕೋಚದಿಂದ ನೀನು ಹೆಬ್ಬೆರಳು ಕಳಿಸುತ್ತಿದ್ದರೆ, ದಯವಿಟ್ಟು ಬಿಡು. ನನಗೆ ನೀನು ಬೇಕು. ನಿನ್ನಷ್ಟು ಚೆನ್ನಾಗಿ ನನ್ನನ್ನು ಯಾರೂ ಸೋಲಿಸುವುದಿಲ್ಲ.

ಇನ್ನು ಆ ಹನ್ನೊಂದು ನಿಮಿಷದ ಹಾಡು. ಅದು ನಿಮ್ಮವರ ಯಾವ ಹಾಡಿಗಿಂತಲೂ ಮೇಲು. ಏಳನ್ನು ಎಣಿಸುವುದು ಯಾರಾದರೂ ಮಾಡಿಯಾರು, ಏಳನ್ನು ಗೊಳೋ ಎಂದು ಅಳಿಸುವುದು ತುಕ್ಕಿಗೆ ಮಾತ್ರ ಗೊತ್ತು. ಇದಕ್ಕೆ ಉತ್ತರವಿದ್ದರೆ ಕೊಡು, ನೋಡೋಣ.

ಕಂಬದ ಪಕ್ಕ ಕಾಯುವ,
ನಿನ್ನ ನಾದಿನಿ

ತಾ. ಕ.: ಲಕೋಟೆಯ ಮೇಲಿನ ಅಕ್ಷರ ಯಾರದೆಂದು ನಿನಗೆ ಕೂಡಲೇ ಗೊತ್ತಾಗಿರುತ್ತದೆ. ಗಾಬರಿಯಾಗಬೇಡ, ಅವನು ಸಂಗೀತಕ್ಕೆ ಬರುವುದಿಲ್ಲ. ನಾನು ವಿಳಾಸ ಬರೆಯುವಾಗ ಅಣ್ಣ ಹಿಂದೆ ಬಂದು ನಿಂತಿದ್ದ. ಯಾರಿಗೆ ಎಂದ, ಹೇಳಿದೆ. "ಗಂಡನ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದು ನಾನು. ನಿನ್ನ ಕೆಲಸ ನೀನ್ಯಾಕೆ ಬಿಡ್ತೀಯಾ?" ಎಂದ. ಮನೆ ನಂಬರು ತಪ್ಪು ಬರೆದಿದ್ದೀಯ ಎಂದು ಪೆನ್ನು ಕಸಿದುಕೊಂಡು, ಹೊಸ ಲಕೋಟೆ ತೆಗೆದು ತಾನೇ ಬರೆದುಕೊಟ್ಟ. ಹಿಂಭಾಗ ತಿರುಗಿಸಿ ನೋಡು. ಕಳಿಸಿದವರು ಎಂಬಲ್ಲಿ ಅವನು ನನ್ನ ಹೆಸರು ಬರೆದಿಲ್ಲ, 'ನಾದಿನಿ' ಎಂದು ಬರೆದಿದ್ದಾನೆ.