ಜೀಪು ಬರುವ ಮುನ್ನಾದಿನ ಮುಚ್ಚಿದ ಗುಂಡಿಗಳು

ಮಾನ್ಯ ರಸ್ತೆ ನಿರ್ವಹಣಾಧಿಕಾರಿಗಳೇ,

ನಮ್ಮ ಊರಿನ ರಸ್ತೆಯನ್ನು ಈ ವರ್ಷದ ದುರಸ್ತಿ ಪಟ್ಟಿಯಿಂದ ತೆಗೆದುಹಾಕಿದ್ದೀರಿ. ಕಾರಣ ಕೇಳಿದ್ದಕ್ಕೆ ನಿಮ್ಮ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂದಿದೆ. ‘ಅನುದಾನ ಕಡಿತವಾಗಿರುವುದರಿಂದ ತೀರಾ ಹದಗೆಟ್ಟ ರಸ್ತೆಗಳಿಗೆ ಮಾತ್ರ ಆದ್ಯತೆ. ಸದರಿ ರಸ್ತೆ ಪರಿಶೀಲನೆಯ ವೇಳೆ ಸಂಚಾರಕ್ಕೆ ಯೋಗ್ಯವಾಗಿತ್ತು.’ ಎರಡನೆಯ ಸಾಲು ಸುಳ್ಳಲ್ಲ ಎಂಬುದೇ ನನ್ನ ಸಂಕಟ. ಆ ಒಂದು ದಿನ ರಸ್ತೆ ಯೋಗ್ಯವಾಗಿಯೇ ಇತ್ತು. ಹಾಗೆ ಮಾಡಿದವರು ನಾವು. ಮಾಡೋಣ ಎಂದು ಮೊದಲು ಹೇಳಿದವನು ನಾನು.

ನಾನು ಕಾಪುವಿನಲ್ಲಿ ರಿಕ್ಷಾ ಓಡಿಸುವವನು. ಪೇಟೆಯಿಂದ ಒಳಗೆ ಹೋಗುವ ಈ ಎರಡು ಕಿಲೋಮೀಟರ್ ರಸ್ತೆಯ ಕೊನೆಯಲ್ಲಿ ದೂಮಪ್ಪಣ್ಣನ ಮನೆ. ಮೂವತ್ತು ವರ್ಷ ಬೋಟಿನಲ್ಲಿ ಮೀನು ಹಿಡಿದವರು. ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಅವರನ್ನು ಡಯಾಲಿಸಿಸ್‌ಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬರುವುದು ನನ್ನ ಕೆಲಸ. ಹೋಗುವಾಗ ಹೇಗೋ ಸುಧಾರಿಸಿಕೊಳ್ಳುತ್ತಾರೆ. ಬರುವಾಗ ಮೈಯಲ್ಲಿ ತ್ರಾಣವಿರುವುದಿಲ್ಲ. ಹೆದ್ದಾರಿಯಲ್ಲಿ ಕಣ್ಣು ಮುಚ್ಚಿ ಕೂತವರು, ನಮ್ಮ ರಸ್ತೆ ಬಂದಿತೆಂದು ಕಣ್ಣು ತೆರೆಯದೆಯೇ ತಿಳಿದು, ಸೂಜಿ ಚುಚ್ಚಿದ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದುಕೊಳ್ಳುತ್ತಾರೆ. ಎರಡು ಸಲ ಬ್ಯಾಂಡೇಜಿನಿಂದ ರಕ್ತ ಒಸರಿ ಸೀಟಿನ ಮೇಲೆ ಬಿದ್ದಿದೆ. ಎರಡು ಕಿಲೋಮೀಟರಿಗೆ ಇಪ್ಪತ್ತೈದು ನಿಮಿಷ. ನಿಮ್ಮ ಕಡತದಲ್ಲಿ ಇದನ್ನು ಬರೆಯಲು ಕಾಲಂ ಇದೆಯೇ?

ಕಳೆದ ವರ್ಷ ಪರಿಶೀಲನೆಗೆ ಬಂದ ನಿಮ್ಮ ಜೀಪು ಮೋರಿಯ ಹತ್ತಿರ ಗುಂಡಿಗಳನ್ನು ಕಂಡು ಅರ್ಧದಲ್ಲೇ ತಿರುಗಿ ಹೋಯಿತು. ಆಗಲೂ ದುರಸ್ತಿ ಆಗಲಿಲ್ಲ. ಈ ಸಲ ಅಧಿಕಾರಿಗಳು ಕೊನೆಯ ಮನೆಯವರೆಗೆ ಬರಬೇಕು, ದೂಮಪ್ಪಣ್ಣನನ್ನು ಕಣ್ಣಾರೆ ನೋಡಬೇಕು, ಆಮೇಲೆ ವರದಿ ಬರೆಯಲಿ ಎಂಬುದು ನನ್ನ ಲೆಕ್ಕಾಚಾರ. ಹಾಗಾಗಿ ಪರಿಶೀಲನೆಯ ಹಿಂದಿನ ದಿನ, ಭಾನುವಾರ, ಚರ್ಚಿನಿಂದ ನೇರವಾಗಿ ಬಂದೆ, ಹದಿನೆಂಟು ಜನ ಸೇರಿದೆವು. ಕೆಂಪುಕಲ್ಲಿನ ಚೂರು, ಜಲ್ಲಿಪುಡಿ ತಂದು ಗುಂಡಿಗಳನ್ನೆಲ್ಲ ತುಂಬಿದೆವು. ದೂಮಪ್ಪಣ್ಣನ ಹೆಂಡತಿ ನಳಿನಾಕ್ಷಿಯಕ್ಕ ಸುಡುಬಿಸಿಲಿನಲ್ಲಿ ಬುಟ್ಟಿ ಹೊತ್ತರು. ಸೋಮವಾರ ಜೀಪು ಸರಾಗವಾಗಿ ಬಂತು, ಅಷ್ಟೇ ಸರಾಗವಾಗಿ ಹೋಯಿತು. ನಿಲ್ಲಲೇ ಇಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕಾದಿದ್ದ ದೂಮಪ್ಪಣ್ಣ ಕೈಮುಗಿದದ್ದು ಧೂಳಿಗೆ. ಮೊದಲ ನಾಲ್ಕು ಮಳೆಗೆ ನಾವು ತುಂಬಿದ್ದೆಲ್ಲ ಕೊಚ್ಚಿಹೋಗಿ ಪಕ್ಕದ ತೋಡು ಸೇರಿತು.

ಅನುದಾನ ಇಲ್ಲ ಎಂಬುದನ್ನು ನಾನು ನಂಬುತ್ತೇನೆ. ಇರುವುದರಲ್ಲಿ ಯಾವ ರಸ್ತೆ ಮೊದಲು ಎಂದು ಆರಿಸಲೇಬೇಕು, ಅದೂ ಸರಿ. ಆದರೆ ಆರಿಸುವವರು ಒಮ್ಮೆ ವಾಹನದಿಂದ ಇಳಿಯಬಾರದೇ? ಪಟ್ಟಿಯಲ್ಲಿ ನಮ್ಮ ಜಾಗಕ್ಕೆ ಬಂದ ಕಾರ್ಕಳ ಕಡೆಯವರ ಮೇಲೆ ನನಗೆ ಕೋಪವಿಲ್ಲ, ಅವರ ಗುಂಡಿಯೂ ಗುಂಡಿಯೇ. ಕೈಲಾದದ್ದನ್ನು ತಾವೇ ಮಾಡಿಕೊಂಡವರಿಗೆ ಹೀಗೆ ಬಹುಮಾನ ಕೊಟ್ಟರೆ ನಾಳೆಯಿಂದ ಯಾವ ಊರಿನವರು ಒಂದು ಬುಟ್ಟಿ ಕಲ್ಲು ಹಾಕಿಯಾರು? ಗುಂಡಿಗಳನ್ನು ಜೋಪಾನವಾಗಿ ಸಾಕಿ, ನಿಮ್ಮ ಭೇಟಿಯ ದಿನಕ್ಕೆ ನೀರು ತುಂಬಿಸಿ ಇಡಬೇಕೇ?

ಕಳೆದ ಶನಿವಾರ ವಾಪಸು ಬರುವಾಗ ಮೋರಿ ದಾಟಿದ ಮೇಲೆ ದೂಮಪ್ಪಣ್ಣ ರಿಕ್ಷಾ ನಿಲ್ಲಿಸಲು ಹೇಳಿದರು. ವಾಂತಿ ಮಾಡಿ, ಬಾಯಿ ಒರೆಸಿಕೊಂಡರು.

"ಇನ್ನು ಮಂಗಳವಾರ ಬರುವುದು ಬೇಡ ಮಾರಾಯ. ವಾರಕ್ಕೆ ಎರಡು ಸಲ ಸಾಕು" ಎಂದರು.

"ಡಾಕ್ಟ್ರು ಮೂರು ಸಲ ಹೇಳಿದ್ದಲ್ವಾ ದೂಮಪ್ಪಣ್ಣ?" ಎಂದೆ.

"ಡಾಕ್ಟ್ರಿಗೆ ಈ ರೋಡು ಗೊತ್ತುಂಟಾ?"

ನಾನು ಮತ್ತೆ ರಿಕ್ಷಾ ಸ್ಟಾರ್ಟ್ ಮಾಡಿದೆ.

ಇವತ್ತು ಮಂಗಳವಾರ. ಎಂದಿನಂತೆ ಬೆಳಿಗ್ಗೆ ಹೋಗಿ ಹಾರ್ನ್ ಹಾಕಿದೆ. ನಳಿನಾಕ್ಷಿಯಕ್ಕ ಹೊರಗೆ ಬಂದು, ಬೇಡ ಎಂದು ಕೈಯಾಡಿಸಿ ಒಳಗೆ ಹೋದರು. ಅರ್ಧ ಗಂಟೆ ಕಾದು ಬಂದೆ. ಒಂದು ಸಲ ತಪ್ಪಿದರೆ ಏನಾಗುತ್ತದೆಂದು ಆಸ್ಪತ್ರೆಯ ಹೊರಗೆ ಕಾಯುತ್ತ ಎಷ್ಟೋ ಜನರಿಂದ ಕೇಳಿದ್ದೇನೆ. ನನಗೆ ಹೆದರಿಕೆಯಾಗಿದೆ.

ಇವತ್ತೇ ಡಾಮರು ಹಾಕಿ ಎಂದು ನಾನು ಕೇಳುತ್ತಿಲ್ಲ. ‘ಸಂಚಾರಕ್ಕೆ ಯೋಗ್ಯ’ ಎಂಬ ಮಾತನ್ನು ಹೊಡೆದುಹಾಕಿ ನಮ್ಮ ರಸ್ತೆಯನ್ನು ಮತ್ತೆ ಪಟ್ಟಿಗೆ ಸೇರಿಸಿ. ಅದಕ್ಕೆ ಅನುದಾನ ಬೇಡ, ಪೆನ್ನು ಸಾಕು. ಈ ವಾರದೊಳಗೆ ಆಗಬೇಕು, ಅದರ ಪ್ರತಿ ನನ್ನ ಕೈಗೆ ಸಿಗಬೇಕು. ಅದನ್ನು ತೋರಿಸಿಯಾದರೂ ಮುಂದಿನ ಮಂಗಳವಾರ ದೂಮಪ್ಪಣ್ಣನನ್ನು ರಿಕ್ಷಾ ಹತ್ತಿಸಬೇಕಾಗಿದೆ.

ಇಂತಿ,
ನಿಮ್ಮ ಜೀಪಿಗೆ ದಾರಿ ಸಲೀಸು ಮಾಡಿಕೊಟ್ಟ ತಪ್ಪಿತಸ್ಥ,
ಅಲೆಕ್ಸಾಂಡರ್
ರಿಕ್ಷಾ ಚಾಲಕ, ಕಾಪು