ಅಲೆಮುರಿಕ ಉಳಿಸದ ಊರು

ಹದಿಮೂರನೆಯ ತಿಂಗಳ ಹುಣ್ಣಿಮೆ,
ಮೇಲೇರಿಕೆಯ ಮೂವತ್ತೊಂದನೆಯ ವರ್ಷ
(ನಿಮ್ಮ ಲೆಕ್ಕದಲ್ಲಿ ಕ್ರಿ.ಶ. ೨೧೬೩)

‘ಅಲೆಮುರಿಕ’ ಸಿನಿಮಾ ನೋಡಿ ಚಪ್ಪಾಳೆ ತಟ್ಟಿದ ಹಿರಿಯರಿಗೆ,

ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಮಳೆಗಾಲ ಎರಡು ತುಂಡಾದ ಮೇಲೆ ನಮ್ಮ ವರ್ಷಕ್ಕೆ ಒಂದು ತಿಂಗಳು ಹೆಚ್ಚಿಗೆ ಸೇರಿದೆ. ಸಮುದ್ರ ಏರಿ ಕರಾವಳಿಯ ಜನ ಘಟ್ಟ ಹತ್ತತೊಡಗಿದ್ದನ್ನು ನಾವು ಮೇಲೇರಿಕೆ ಎನ್ನುತ್ತೇವೆ. ನಾನು ದೇವಯಾನಿ. ಗಂಗಾವಳಿ ನದಿ ಕಡಲು ಸೇರುವಲ್ಲಿದ್ದ ನಡುಕೋಡಿ ನನ್ನ ಊರು. ಅಲ್ಲಿ ಉಬ್ಬರಗಾವಲು ನನ್ನ ಕೆಲಸವಾಗಿತ್ತು. ಅಂದರೆ ಒಡ್ಡಿನ ಮೇಲೆ ನಿಂತು ನೀರು ಏರುವುದನ್ನು ನೋಡುವುದು, ಏರಿದರೆ ಊರಿಗೆ ಕೂಗಿ ಹೇಳುವುದು.

ನಮ್ಮ ಬದುಕು ಕೆಟ್ಟದಾಗಿರಲಿಲ್ಲ. ಮನೆಗಳೆಲ್ಲ ಕಂಬದ ಮೇಲಿದ್ದವು. ಉಬ್ಬರದ ಹೊತ್ತಿಗೆ ಜಗಲಿಯಲ್ಲಿ ಕುಳಿತೇ ಹೆಂಗಸರು ಏಡಿ ಹಿಡಿಯುತ್ತಿದ್ದರು. ಉಪ್ಪುನೀರಲ್ಲೂ ನಿಲ್ಲುವ ಕಗ್ಗದ ಭತ್ತ ಬೆಳೆಯುತ್ತಿದ್ದೆವು. ಕುಡಿಯುವ ನೀರು ಮಾತ್ರ ಘಟ್ಟದ ಮೇಲಿಂದ ದೋಣಿಯಲ್ಲಿ ಬರಬೇಕಿತ್ತು. ದೋಣಿ ತಡವಾದ ದಿನ ಮಕ್ಕಳು ಮಾತು ಕಡಿಮೆ ಮಾಡುತ್ತಿದ್ದವು. ಒಡ್ಡು ಹಳೆಯದು. ಬಿರುಕಿಗೆ ನಾವು ಜೇಡಿ ಮೆತ್ತುತ್ತಿದ್ದೆವು, ಸಮುದ್ರ ಅದನ್ನು ಬಿಡಿಸಿಕೊಂಡು ಹೋಗುತ್ತಿತ್ತು.

ನಿಮ್ಮ ಸಿನಿಮಾ ನಮಗೆ ಹೇಗೆ ಗೊತ್ತು ಎಂದು ಹೇಳಬೇಕು. ನಿಮ್ಮ ಕಾಲದ ಬಹುಪಾಲು ಚಿತ್ರ, ಹಾಡು, ಫೋಟೋಗಳು ಯಂತ್ರಗಳೊಳಗೇ ಹಾಳಾದವು. ನಾವು ಅದನ್ನು ನೆನಪುಕೊಳೆ ಎನ್ನುತ್ತೇವೆ. ಸಿನಿಮಾ ಕೊಳೆಯಿತು, ಅದರ ಹೊಗಳಿಕೆ ಕಾಗದದಲ್ಲಿ ಅಚ್ಚಾಗಿದ್ದರಿಂದ ಉಳಿಯಿತು. ‘ಮನುಷ್ಯಕುಲ ಕಂಡ ಅತಿ ದೊಡ್ಡ ಸೂಪರ್‌ಹೀರೊ ಕಥೆ’, ‘ಕಣ್ಣೀರಿಲ್ಲದೆ ಹೊರಬಂದವರಿಲ್ಲ’ ಎಂಬ ಮಾತುಗಳು ನಮ್ಮ ಶಾಲೆಯ ಪಾಠದಲ್ಲೂ ಇದ್ದವು. ಆ ಸಿನಿಮಾದ ಒಂದು ಭಾಗವನ್ನು ತೆಗೆದದ್ದು ನಮ್ಮ ಊರಿನ ದಂಡೆಯಲ್ಲಿ. ನನ್ನ ತಾಯಿಯ ಅಣ್ಣ ಹಮ್ಮಣ್ಣಮಾವನ ಮುತ್ತಜ್ಜಿ ನಾಗವೇಣಿ ಅದರಲ್ಲಿ ಮಗು ಎತ್ತಿಕೊಂಡು ಓಡುವ ಹೆಂಗಸು. ಅವಳ ಸೊಂಟದ ಮೇಲಿದ್ದ ಮಗುವೇ ಮಾವನ ಅಜ್ಜಿ. ‘ಅಲೆಮುರಿಕ ಬಂದು ಅಲೆ ಎತ್ತಿ ಸಮುದ್ರಕ್ಕೆ ಎಸೆದ. ನಮ್ಮಿಬ್ಬರನ್ನೂ ಎತ್ತಿಕಂಡ’ ಎಂದು ನಾಗವೇಣಿ ಮಗಳಿಗೆ ಹೇಳಿದ್ದಳಂತೆ. ಮಗಳು ಮೊಮ್ಮಗನಿಗೆ ಹೇಳಿದಳು, ಮಾವ ಇಡೀ ಊರಿಗೆ ಹೇಳಿದ. ಊರಿನಿಂದ ಅದು ಘಟ್ಟದ ಮೇಲಿನ ಶಾಲೆಗಳ ಪಾಠಕ್ಕೂ ಹೋಯಿತು.

ಕಳೆದ ವರ್ಷ ಸರ್ಕಾರದ ನೆಲೆ ಇಲಾಖೆಯಿಂದ ಆಜ್ಞೆ ಬಂತು. ಹೆಸರುವಾಸಿಯಾದ ಊರುಗಳಿಗೆ ಮಾತ್ರ ಹೊಸ ಒಡ್ಡು. ಉಳಿದವರು ಘಟ್ಟ ಹತ್ತಬೇಕು. ನಮ್ಮಲ್ಲಿ ಕೋಟೆಯಿಲ್ಲ, ಶಾಸನವಿಲ್ಲ. ಮಾವ ಅರ್ಜಿ ಹಾಕಿದ. ಜಗತ್ತೇ ಅತ್ತು ನೋಡಿದ ಸಿನಿಮಾದಲ್ಲಿ ನಮ್ಮ ಊರಿದೆ, ಇದಕ್ಕಿಂತ ಹೆಸರು ಬೇಕೇ ಎಂದು ಕೇಳಿದ. ಅದೇ ಸಮಯಕ್ಕೆ ಕೊಳೆಯದೆ ಉಳಿದ ಒಂದು ಪ್ರತಿ ಧಾರವಾಡದಲ್ಲಿ ಸಿಕ್ಕಿತ್ತು. ಇಲಾಖೆಯ ಅಧಿಕಾರಿ ಮೃಣಾಲ ಶಾನಭಾಗ ಅದನ್ನು ತಾವೇ ಹೊತ್ತು ತಂದರು. ಒಳ್ಳೆಯ ಹೆಂಗಸು. ನೀರಿನ ದೋಣಿಯಲ್ಲೇ ಬಂದು, ನಮ್ಮ ಜೊತೆಯೇ ಊಟ ಮಾಡಿದರು.

ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಮಧ್ಯಾಹ್ನ ಸಿನಿಮಾ ಹಾಕಿದೆವು. ಮಾವ ಇಸ್ತ್ರಿ ಅಂಗಿ ತೊಟ್ಟು ಮುಂದೆ ಕುಳಿತಿದ್ದ. ಅಲೆಮುರಿಕ ಮೊದಲ ಸಲ ಹಾರಿದಾಗ ಮಕ್ಕಳು ಕೇಕೆ ಹಾಕಿದರು. ಆಮೇಲೆ ಅವನು ಹಾರುತ್ತಲೇ ಇದ್ದ. ಕಟ್ಟಡಗಳು ಬಿದ್ದವು, ಇನ್ನಷ್ಟು ಕಟ್ಟಡಗಳು ಬಿದ್ದವು. ಮಹಡಿಯ ತುದಿಯಲ್ಲಿ ನಿಂತು ಅವನು ತನ್ನ ನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದ. ಮಕ್ಕಳು ಒಬ್ಬೊಬ್ಬರಾಗಿ ಏಡಿ ಹಿಡಿಯಲು ಹೋದರು.

“ಈಗ ಬತ್ತದೆ, ಕೂತ್ಕಳಿ” ಎಂದು ಮಾವ ಎಲ್ಲರನ್ನೂ ತಡೆಯುತ್ತಿದ್ದ.

ಬಂತು. ನಮ್ಮ ದಂಡೆ, ನಮ್ಮ ಗುಡ್ಡ, ಒಣಮೀನು ಹರಡಿದ ಚಾಪೆಗಳು. ಊರೇ ಎದ್ದು ನಿಂತಿತು. ಕೆಂಪು ಸೀರೆಯ ಹೆಂಗಸೊಬ್ಬಳು ಮಗುವನ್ನು ಸೊಂಟಕ್ಕೇರಿಸಿ ನಮಗೆ ಬೆನ್ನು ಹಾಕಿ ಓಡಿದಳು. ಹಿಂದಿನಿಂದ ಅಲೆ ಬಂತು. ಅಷ್ಟೇ. ಅಲೆಯ ಮೇಲೆ ನೊರೆ ಮಾತ್ರ ಉಳಿಯಿತು. ಎಲ್ಲ ಮುಗಿದ ಮೇಲೆ ಅಲೆಮುರಿಕ ಆಕಾಶದಲ್ಲಿ ಕಾಣಿಸಿಕೊಂಡು, ಕೆಳಗೆ ನೋಡಿ, ಕಣ್ಣು ಮುಚ್ಚಿದ. ಒಂದು ಹನಿ ಉದುರಿತು, ಪಿಟೀಲು ನುಡಿಯಿತು. ಅಲ್ಲಿಂದ ನೇರ ಮಹಾನಗರಕ್ಕೆ ಹಾರಿ ಅದನ್ನು ಉಳಿಸಿದ. ಕೊನೆಯವರೆಗೂ ನಮ್ಮ ಊರಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ನಾಗವೇಣಿ ಈ ಸಿನಿಮಾ ನೋಡಿದ್ದಳೋ ಇಲ್ಲವೋ ನನಗೆ ತಿಳಿಯದು. ನೋಡಿ ಬಂದಿದ್ದರೂ ಮಗಳ ಮುಂದೆ ಇನ್ನೇನು ಹೇಳಬೇಕಿತ್ತು?

ಕಂಬಳಿ ಬಿಚ್ಚಿದರೂ ಯಾರೂ ಎದ್ದು ಹೋಗಲಿಲ್ಲ. ಮೃಣಾಲ ಅವರು ತಲೆ ತಗ್ಗಿಸಿಕೊಂಡೇ ಹೇಳಿದರು: “ಹಮ್ಮಣ್ಣನವರೇ, ಇದನ್ನ ಮೇಲಿನವರಿಗೆ ಹೇಗೆ ತೋರಿಸಲಿ? ಇದರಲ್ಲಿ ನಿಮ್ಮ ಊರು ಮುಳುಗಿದ್ದಕ್ಕೆ ಅವನೊಬ್ಬನಿಗೆ ಬೇಜಾರಾಗ್ತದೆ. ಬೇರೇನೂ ಇಲ್ಲ.”

“ನೀವಾದ್ರೂ ಬರೀಬಹುದಲ್ಲ, ಉಳಿಸ್ದ ಅಂತ?” ಎಂದು ನಾನು ಕೇಳಿದೆ.

“ಬರೆದರೆ ಅವರೂ ಸಿನಿಮಾ ನೋಡ್ತಾರೆ, ದೇವಯಾನಿ.”

ಮಾವ ನಮ್ಮ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. “ಅಜ್ಜಿ ಓಡೂದು ಮತ್ತೊಂದ್ಸಲ ಹಾಕ್ರ” ಎಂದ. ಹಾಕಿದರು. ಅವಳು ತಿರುಗಲಿಲ್ಲ. ಮತ್ತೆ ಹಾಕಿಸಿದ. ಮುಖ ಕಂಡೀತೆಂದು ಪರದೆಯ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದ. ಕೊನೆಗೆ, “ಚೊಲೋ ಓಡ್ದಳು, ಅಲ್ದಾ?” ಎಂದು ನನ್ನನ್ನು ಕೇಳಿದ. ನಾನು ಹೌದೆಂದೆ.

ಒಡ್ಡು ಮಂಜೂರಾಗಲಿಲ್ಲ. ಮಳೆಯ ಎರಡನೆಯ ತುಂಡು ಶುರುವಾಗುವ ಮೊದಲು ನಾವು ಘಟ್ಟ ಹತ್ತಿದೆವು. ಈಗ ಸಿರ್ಸಿಯ ಆಚೆಯ ವಸತಿಯಲ್ಲಿದ್ದೇವೆ. ಇಲ್ಲಿ ಉಬ್ಬರವಿಲ್ಲ, ನನಗೆ ಕೆಲಸವೂ ಇಲ್ಲ. ಮಾವನಿಗೆ ಇಲ್ಲಿಯ ಚಳಿ ಆಗದು. ಹೊದ್ದುಕೊಂಡು ಬಾಗಿಲಲ್ಲಿ ಕೂತಿರುತ್ತಾನೆ. ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ ನಿಂತು ಮಾತಾಡಿಸಿದಳು.

“ನಿಮ್ಮ ಊರು ಯಾವುದು, ಅಜ್ಜಾ?”

“ನಡುಕೋಡಿ.”

“ಅಯ್ಯೋ, ಶಾಲೆಯಲ್ಲಿ ಓದಿದ್ದೆ! ಅಲೆಮುರಿಕ ಉಳಿಸಿದ ಊರಲ್ವಾ?”

ಮಾವ ನನ್ನ ಕಡೆ ನೋಡಿದ. ನಾನು ಅಕ್ಕಿ ಆರಿಸುತ್ತಿದ್ದೆ, ತಲೆ ಎತ್ತಲಿಲ್ಲ.

“ಹೌದು ಮಗಾ, ಅದೇಯಾ” ಎಂದ.

ಆ ಹುಡುಗಿ ಖುಷಿಯಿಂದ ಮನೆಯವರನ್ನೆಲ್ಲ ಕರೆದು ತೋರಿಸಿದಳು.

ಹಿರಿಯರೇ, ಈ ಕಾಗದ ನಿಮ್ಮನ್ನು ಮುಟ್ಟುವ ದಾರಿ ಯಾವುದೂ ಇಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನೂರಾರು ಹೊಗಳಿಕೆಗಳ ನಡುವೆ, ಬೇಸರಪಟ್ಟ ಒಬ್ಬರ ಒಂದು ಸಾಲನ್ನೂ ನಾನು ಕಾಣಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ಆ ಕತ್ತಲಲ್ಲಿ, ಇಷ್ಟೇನಾ ಅನ್ನಿಸಿರಲೇಬೇಕು. ಅನ್ನಿಸಿದ್ದರೆ ದಯವಿಟ್ಟು ಕಾಗದದ ಮೇಲೆ ಬರೆದಿಡಿ. ಚಪ್ಪಾಳೆಯ ಸದ್ದಿಗೆ ನಾಚಿ ಸುಮ್ಮನಿರಬೇಡಿ. ಆ ಒಂದು ಸಾಲು ಸಿಕ್ಕಿದ್ದರೆ ನಾವು ಸಿನಿಮಾವನ್ನು ನಂಬಿ ಕೂರದೆ ಬೇರೆ ಯಾವುದಾದರೂ ಅರ್ಜಿ ಹಾಕುತ್ತಿದ್ದೆವು.

ನಿಮ್ಮ ಮುಂದಿನವಳು,
ದೇವಯಾನಿ